ಹೊಕ್ಕುಳ ಬಳ್ಳಿಗೆ ಒಂದು ಗೇಣು ಜಾಗ

ಕುದಿಯುವ ನೀರಿನ ಬಕೆಟ್ಟಿಗೆ ಟವೆಲ್ ಅದ್ದಿ, ಹಿಂಡಿ, ಇನ್ನೂ ಹಬೆಯಾಡುತ್ತಿರುವಾಗಲೇ ಮಾಮಾ ಅದನ್ನು ನನ್ನ ಹೊಟ್ಟೆಯ ಮೇಲೆ ಒತ್ತಿ ಹಿಡಿಯುತ್ತಿದ್ದರು. ಮಾಮಾ ಅಂದರೆ ಸೋದರಮಾವ ಅಲ್ಲ, ಅಮ್ಮ ಅಂತ; ಪಕ್ಕದ ಮನೆಯ ಹಿರಿಯ ಹೆಂಗಸನ್ನು ನಾವು ಹಾಗೆ ಕರೆಯುತ್ತಿದ್ದೆವು. ನಾನು ಕಿರುಚುತ್ತಿದ್ದೆ. ‘ನ್ಡೊ, ನ್ಡೊ’ ಅನ್ನುತ್ತಿದ್ದರು. ಇಗ್ಬೊ ಭಾಷೆಯಲ್ಲಿ ಅದು ‘ಅಯ್ಯೋ ಪಾಪ’ ಅನ್ನೋ ಥರದ ಮಾತು. ಬಾಯಲ್ಲಿ ಸಮಾಧಾನ ಹೇಳುತ್ತಲೇ ಇರುತ್ತಿದ್ದರು, ಕೈಯ ಬಿಗಿ ಮಾತ್ರ ಬಿಡುತ್ತಿರಲಿಲ್ಲ. ಹೊಕ್ಕುಳಿನ ಕೆಳಗಿಂದ ಶುರುಮಾಡಿ, ಎರಡೂ ಪಕ್ಕೆಗೆ ಬಂದು, ಕೊನೆಗೆ ಸೊಂಟ. ಟವೆಲ್ ಆರಿದ ಕೂಡಲೇ ಮತ್ತೆ ಬಕೆಟ್ಟಿಗೆ. ಅವರ ಬೆರಳುಗಳಿಗೆ ಆ ಬಿಸಿ ಹೇಗೆ ತಾಗುತ್ತಿರಲಿಲ್ಲವೋ ನನಗೆ ಇವತ್ತಿಗೂ ಆಶ್ಚರ್ಯ.

ಇದು 2020ರ ಜೂನ್ ತಿಂಗಳ ಮಾತು. ಊರು ನೈಜೀರಿಯಾದ ಎನುಗು, ಇಗ್ಬೊ ಜನರ ಸೀಮೆ. ನನ್ನ ಗಂಡ ಅಲ್ಲಿನ ಒಂದು ಔಷಧಿ ಕಂಪನಿಯಲ್ಲಿ ಕೆಲಸಕ್ಕಿದ್ದರು. ಆರು ವರ್ಷ ಅಲ್ಲಿದ್ದೆವು. ಏಳನೇ ತಿಂಗಳಿಗೆ ಕುಂದಾಪುರದ ಹತ್ತಿರದ ನನ್ನ ತವರಿಗೆ ಹೋಗಿ, ಅಲ್ಲೇ ಹೆತ್ತು, ಅಮ್ಮನ ಕೈಯಲ್ಲಿ ಬಾಣಂತನ ಮುಗಿಸಿಕೊಂಡು ಬರುವುದು ಅಂತ ಟಿಕೆಟ್ ಕೂಡ ಆಗಿತ್ತು. ಅಷ್ಟರಲ್ಲಿ ಕೊರೊನಾ ಬಂತು. ಮಾರ್ಚ್‌ನಲ್ಲಿ ಎರಡೂ ದೇಶದ ವಿಮಾನಗಳು ನಿಂತವು. ಅಮ್ಮ ವಾಟ್ಸಾಪ್‌ನಲ್ಲಿ ನನ್ನ ಹೊಟ್ಟೆ ನೋಡಿ ಅಳುತ್ತಿದ್ದಳು. ‘ಎಣ್ಣೆ ಹಚ್ಚುಕೂ ಒಬ್ರಿಲ್ಲ ಅಲಾ ಮಗಾ’ ಅನ್ನುತ್ತಿದ್ದಳು.

ಆಸ್ಪತ್ರೆಯಿಂದ ಮಗಳನ್ನು ಎತ್ತಿಕೊಂಡು ಬಂದ ದಿನ ಸಂಜೆ, ಪಕ್ಕದ ಮನೆಯ ಮಾಮಾ ಒಂದು ಚಾಪೆ ಮತ್ತು ಬಟ್ಟೆಯ ಗಂಟು ಹಿಡಿದುಕೊಂಡು ಬಂದರು. ಆಗ ಅವರಿಗೆ 68 ವರ್ಷ. ‘ನಿನ್ನ ಅಮ್ಮ ಬರೋಕಾಗಲ್ಲ. ಹಾಗಂತ ಒಮುಗ್ವೊ ಬಿಡೋಕಾಗುತ್ತಾ?’ ಅಂದರು. ನಮ್ಮ ಒಪ್ಪಿಗೆ ಕೇಳಲೇ ಇಲ್ಲ. ಚಾಪೆ ಬಿಡಿಸಿ ನನ್ನ ಮಂಚದ ಪಕ್ಕ ಹಾಕಿದರು.

ಒಮುಗ್ವೊ ಅಂದರೆ ನಮ್ಮ ಬಾಣಂತನವೇ. ಒಂದೇ ವ್ಯತ್ಯಾಸ. ನಮ್ಮಲ್ಲಿ ಮಗಳು ತವರಿಗೆ ಹೋಗುತ್ತಾಳೆ, ಇಗ್ಬೊ ಜನರಲ್ಲಿ ತವರೇ ಮಗಳ ಹತ್ತಿರ ಬರುತ್ತದೆ. ಹೆತ್ತವಳ ತಾಯಿ ಗಂಟು ಕಟ್ಟಿಕೊಂಡು ಅಳಿಯನ ಮನೆಗೆ ಬಂದು ಒಂದು ತಿಂಗಳೋ ಮೂರು ತಿಂಗಳೋ ಇದ್ದು, ಮಗುವಿಗೆ ಸ್ನಾನ, ಬಾಣಂತಿಗೆ ಬಿಸಿನೀರು, ಅಡುಗೆ ಎಲ್ಲ ನೋಡಿಕೊಳ್ಳುತ್ತಾಳೆ. ಆ ದಿನಗಳಲ್ಲಿ ಅಳಿಯನ ಮನೆಯಲ್ಲಿ ಅವಳದೇ ಮಾತು. ತಾಯಿ ಇಲ್ಲದವಳಿಗೆ ಅತ್ತೆಯೋ ಚಿಕ್ಕಮ್ಮನೋ ಬರುತ್ತಾರೆ. ಬರದೆ ಬಿಡುವುದು ಅನ್ನುವ ಮಾತೇ ಇಲ್ಲ.

ಬೆಳಗ್ಗೆ ಎದ್ದ ಕೂಡಲೇ ಒಂದು ಬಟ್ಟಲು ಪೆಪ್ಪರ್ ಸೂಪ್. ಯಾಮ್ ಗೆಡ್ಡೆಯ ದಪ್ಪ ಹೋಳು, ಒಣಮೀನು, ಉಜಿಜಾ ಅನ್ನುವ ಖಾರದ ಸೊಪ್ಪು, ಮೆಣಸು, ಉಡಾ. ಉಡಾ ಅಂದರೆ ಕಪ್ಪಗೆ ಒಣಗಿದ, ಬೆರಳುದ್ದದ ಒಂದು ಕಾಯಿ. ಅದನ್ನು ಜಜ್ಜಿ ಹಾಕುತ್ತಾರೆ. ಹೊಗೆಯ ವಾಸನೆ, ನಡುವೆ ಜಾಯಿಕಾಯಿ ನೆನಪಾಗುವಂಥ ಘಮ. ಗರ್ಭಕೋಶದಲ್ಲಿ ಉಳಿದ ಕೆಟ್ಟ ರಕ್ತವನ್ನೆಲ್ಲ ಅದು ತೆಗೆಯುತ್ತದೆ ಅಂತ ಅವರ ನಂಬಿಕೆ. ನಾನು ಕರಾವಳಿಯವಳು, ಒಣಮೀನಿನ ವಾಸನೆ ನನಗೆ ತವರಿನ ವಾಸನೆ. ಮೊದಲ ಗುಟುಕಿಗೆ ಕಣ್ಣಲ್ಲಿ ನೀರು ಬಂತು. ಅದು ಬರೀ ಖಾರಕ್ಕೆ ಬಂದದ್ದಲ್ಲ. ವಿಡಿಯೋ ಕಾಲ್‌ನಲ್ಲಿ ಅಮ್ಮ ಮಾಮಾ ಟವೆಲ್ ಹಿಂಡುವುದನ್ನು ಸುಮ್ನೆ ನೋಡುತ್ತಾ ಕೂತಿದ್ದಳು. ಆಮೇಲೆ ಅಂದಳು, ‘ಅವ್ರ್ ಕೈ ಸಮ ಇತ್ತ್ ಮಗಾ. ಹೆದ್ರ್ಬೇಡ.’

ಮಾಮಾ ನನ್ನ ಕೂಸನ್ನು ‘ನ್ನೆ’ ಅಂತ ಕರೆಯುತ್ತಿದ್ದರು. ನ್ನೆ ಅಂದರೆ ತಾಯಿ. ನಾಲ್ಕು ದಿನದ ಕೂಸಿಗೆ ತಾಯಿ! ನಾವೂ ಹಾಗೇ ಅಲ್ವಾ? ಮೂರು ವರ್ಷದ ಹುಡುಗಿಗೆ ‘ಬಾರಮ್ಮಾ’, ‘ಏನಮ್ಮಾ’ ಅನ್ನುತ್ತೇವೆ. ಇಗ್ಬೊ ಭಾಷೆಯ ತುಂಬ ಈ ನ್ನೆ ಇದ್ದಾಳೆ. ಅಣ್ಣ, ತಮ್ಮ, ಅಕ್ಕ, ತಂಗಿ ಎಲ್ಲರಿಗೂ ‘ನ್ವಾನ್ನೆ’ ಅನ್ನುತ್ತಾರೆ, ಅಂದರೆ ತಾಯಿಯ ಮಗು. ಅಪ್ಪನ ಕಡೆಯ ಇಡೀ ಕುಲಕ್ಕೆ ‘ಉಮುನ್ನಾ’ ಅಂತ ಹೆಸರು, ತಂದೆಯ ಮಕ್ಕಳು. ಜಮೀನು, ಮನೆತನ, ಪಂಚಾಯ್ತಿ, ಜಗಳ ಎಲ್ಲ ಉಮುನ್ನಾದ್ದು. ಆದರೆ ಯಾರಾದರೂ ಬೀದಿಯಲ್ಲಿ ಅಪರಿಚಿತನ ಹತ್ತಿರ ಪ್ರೀತಿಯಿಂದ ಮಾತಾಡಬೇಕಾದರೆ ‘ನ್ವಾನ್ನೆ ಮ್’ ಅನ್ನುತ್ತಾರೆ, ನನ್ನ ತಾಯಿಯ ಮಗುವೇ ಅಂತ. ಕುಲ ಅಪ್ಪನದು, ಪ್ರೀತಿಯ ಮಾತು ಅಮ್ಮನದು.

ಇದಕ್ಕೆ ಹಳೆಯ ಮನೆಗಳ ರಚನೆಯೂ ಕಾರಣ ಅಂತ ನನಗನ್ನಿಸುತ್ತದೆ. ಮುಂಚೆ ಗಂಡಸಿಗೆ ಇಬ್ಬರು ಮೂವರು ಹೆಂಡತಿಯರು ಇರುವುದು ಸಾಮಾನ್ಯವಾಗಿತ್ತು. ಹಿತ್ತಿಲಿನ ಮುಂದುಗಡೆ ಅವನ ‘ಒಬಿ’, ಅಂದರೆ ಗಂಡಸಿನ ಚಾವಡಿ. ಹಿಂದುಗಡೆ ಒಬ್ಬೊಬ್ಬ ಹೆಂಡತಿಗೆ ಒಂದೊಂದು ಗುಡಿಸಲು, ಒಂದೊಂದು ಒಲೆ. ಯಾಮ್ ಗಂಡಸಿನ ಬೆಳೆ. ಕೆಸುವಿನ ಗೆಡ್ಡೆ ಹೆಂಗಸಿನದು. ತನ್ನ ಮಕ್ಕಳ ಹೊಟ್ಟೆಗೆ ತಾನೇ ಬೆಳೆದು, ಮಾರಿ, ಬೇಯಿಸಿ ಹಾಕುತ್ತಿದ್ದಳು. ಸಂತೆಯ ದುಡ್ಡು ಅವಳದೇ. ಒಂದೇ ಒಲೆಯ ಸುತ್ತ ಉಂಡವರು ನ್ವಾನ್ನೆಗಳು.

ಆದರೆ ಆ ಒಲೆ ಇದ್ದ ನೆಲ ಅವಳದಲ್ಲ.

ಇದು ನನಗೆ ಗೊತ್ತಾಗಿದ್ದು ಮಗಳ ಹೊಕ್ಕುಳ ಬಳ್ಳಿ ಬಿದ್ದ ದಿನ. ಏಳನೇ ದಿನ ಸ್ನಾನ ಮಾಡಿಸುವಾಗ ಅದು ಒಣಗಿ ಬಿತ್ತು. ಮಾಮಾ ಹತ್ತಿಯಲ್ಲಿ ಸುತ್ತಿ, ಒಂದು ಖಾಲಿ ಹಾಲಿನ ಪುಡಿ ಡಬ್ಬದಲ್ಲಿಟ್ಟು, ‘ಇದನ್ನು ಎಲ್ಲಿ ಹೂಳ್ತೀರಿ? ನಿಮ್ಮ ಮಣ್ಣು ಎಲ್ಲಿ?’ ಅಂತ ಕೇಳಿದರು. ಇಗ್ಬೊ ಮನೆಯಲ್ಲಿ ಮಗುವಿನ ಹೊಕ್ಕುಳ ಬಳ್ಳಿಯನ್ನು ತಂದೆಯ ಊರಿನ ಹಿತ್ತಿಲಿನಲ್ಲಿ ಒಂದು ಮರದ ಬುಡಕ್ಕೆ ಹೂಳುತ್ತಾರೆ. ತಾಳೆಯೋ, ತೆಂಗೋ. ಆ ಮರ ಆ ಮಗುವಿನದು. ದೊಡ್ಡವರಾದ ಮೇಲೆ ‘ನನ್ನ ಹೊಕ್ಕುಳ ಬಳ್ಳಿ ಇರುವ ಜಾಗ’ ಅಂದರೆ ನನ್ನ ಊರು ಅಂತಲೇ ಅರ್ಥ. ಎಲ್ಲೂ ಹೂಳದೆ ಬಿಟ್ಟ ಮಗು ಬೇರಿಲ್ಲದ್ದು, ಅಲೆಮಾರಿಯಾಗುತ್ತದೆ ಅನ್ನುತ್ತಾರೆ.

ನಮ್ಮದು ಬಾಡಿಗೆ ಮನೆ. ವಿಮಾನ ಯಾವಾಗ ಹಾರುತ್ತದೋ ಗೊತ್ತಿಲ್ಲ. ಮಾಮಾ ಸ್ವಲ್ಪ ಹೊತ್ತು ಡಬ್ಬ ಕೈಯಲ್ಲಿ ಹಿಡಿದುಕೊಂಡು ಕೂತರು. ಆಮೇಲೆ ಫೋನ್ ತೆಗೆದು ಲಾಗೋಸ್‌ನಲ್ಲಿದ್ದ ಮಗನಿಗೆ ಹಚ್ಚಿದರು. ಇಗ್ಬೊದಲ್ಲಿ ತುಂಬ ಹೊತ್ತು ಮಾತಾಡಿದರು. ಕೇಳಿಕೊಳ್ಳುವ ಧ್ವನಿ ಅದು, ಭಾಷೆ ಬರದಿದ್ದರೂ ಗೊತ್ತಾಗುತ್ತದೆ. ಫೋನ್ ಇಟ್ಟು ನಕ್ಕರು. ‘ಆಯ್ತು ಅಂದ. ಊರಿನ ಮನೆಯ ಹಿಂದೆ ಜಾಗ ಕೊಡ್ತಾನೆ.’

ಯಾಕೆ ಕೇಳಬೇಕಿತ್ತು ಅಂದೆ. ಅದು ನಿಮ್ಮದೇ ಮನೆ ಅಲ್ವಾ? ಅವರು ಮದುವೆಯಾಗಿ ಆ ಹಿತ್ತಿಲಿಗೆ ಬಂದದ್ದು 1973ರಲ್ಲಿ. 47 ವರ್ಷ ಗುಡಿಸಿದ ಅಂಗಳ. ಒಂದು ಗೇಣು ಜಾಗಕ್ಕೆ ತಾನೇ ಹೆತ್ತ ಮಗನ ಅಪ್ಪಣೆ ಬೇಕಾ?

‘ನಾನು ಅಲ್ಲಿ ನ್ವುನ್ಯೆ ಅನ್ಯಿ’ ಅಂದರು ಮಾಮಾ. ನಮ್ಮ ಹೆಂಡತಿ ಅಂತ ಅರ್ಥ.

ಮದುವೆಯಾಗಿ ಬಂದವಳನ್ನು ಗಂಡ ಒಬ್ಬನೇ ಹೆಂಡತಿ ಅನ್ನುವುದಿಲ್ಲ. ಇಡೀ ಕುಲ ಅನ್ನುತ್ತದೆ. ಮೈದುನ, ಮಾವ, ದಾರಿಯಲ್ಲಿ ಸಿಕ್ಕ ಮುದುಕ, ನಾದಿನಿ, ಎಲ್ಲರಿಗೂ ಅವಳು ‘ನಮ್ಮ ಹೆಂಡತಿ’. ಗಂಡನ ಅಕ್ಕತಂಗಿಯರೂ ಒಂದು ಲೆಕ್ಕದಲ್ಲಿ ಅವಳಿಗೆ ಗಂಡಂದಿರೇ. ಕೇಳುವಾಗ ನಮಗೆ ಮುಜುಗರ ಅನ್ನಿಸಬಹುದು. ಆದರೆ ಆ ಮಾತಿನಲ್ಲಿ ನಿಜವಾದ ಅಕ್ಕರೆ ಇದೆ, ನಾನು ನೋಡಿದ್ದೇನೆ. ತೆರ ಕೊಟ್ಟು ತಂದವರು ಒಬ್ಬರಲ್ಲ, ನಾವೆಲ್ಲ, ಆದ್ದರಿಂದ ಇವಳ ಹೊಣೆ ನಮ್ಮೆಲ್ಲರದು ಅನ್ನುವ ಭಾವ ಅದು. ಹೌದು, ಅಲ್ಲಿ ವರದಕ್ಷಿಣೆ ಇಲ್ಲ, ತೆರ. ಗಂಡಿನ ಕಡೆಯವರೇ ಕೊಡಬೇಕು. ತೆರದ ಹೊರೆ ಜಾಸ್ತಿಯಾಯಿತು ಅಂತ 1956ರಲ್ಲೇ ಆಗಿನ ಪೂರ್ವ ನೈಜೀರಿಯಾ ಸರ್ಕಾರ 30 ಪೌಂಡ್‌ಗಿಂತ ಹೆಚ್ಚು ಕೇಳಬಾರದು ಅಂತ ಕಾನೂನು ಮಾಡಿತ್ತು. ಮದುವೆಯ ದಿನ ಹುಡುಗಿ ಕೈಯಲ್ಲಿ ತಾಳೆ ಹೆಂಡದ ಬಟ್ಟಲು ಹಿಡಿದು, ತುಂಬಿದ ಸಭೆಯಲ್ಲಿ ತನ್ನ ಗಂಡನಾಗುವವನನ್ನು ಹುಡುಕಿ, ಮಂಡಿಯೂರಿ ಕೊಡುತ್ತಾಳೆ. ದಾರಿಯುದ್ದಕ್ಕೂ ಬೇರೆ ಗಂಡಸರು ‘ಇಲ್ಲಿ ಕೊಡು, ನನಗೆ ಕೊಡು’ ಅಂತ ಕೈ ಚಾಚುತ್ತಾರೆ. ಅವನು ಕುಡಿದು, ಬಟ್ಟಲಿಗೆ ದುಡ್ಡು ಹಾಕಿದರೆ ಮದುವೆ ಆದ ಹಾಗೆ.

ಇನ್ನೊಂದು ಪದ ನನ್ನನ್ನು ಬಹಳ ದಿನ ಕಾಡಿತು. ‘ನ್ವುನ್ಯೆಡಿ’. ಗಂಡನ ಹೆಂಡತಿ ಅಂತ ಅದರ ಅರ್ಥ. ನಮ್ಮಲ್ಲಿ ಗಂಡನ ಅಣ್ಣತಮ್ಮಂದಿರ ಹೆಂಡತಿ ಓರಗಿತ್ತಿ, ಗಂಡನ ಇನ್ನೊಬ್ಬ ಹೆಂಡತಿ ಸವತಿ. ಎರಡರ ನಡುವೆ ಎಷ್ಟು ದೂರ! ಇಗ್ಬೊದಲ್ಲಿ ಎರಡಕ್ಕೂ ಒಂದೇ ಪದ. ಆ ಕುಲಕ್ಕೆ ಹೊರಗಿನಿಂದ ಬಂದ ಹೆಂಗಸರೆಲ್ಲ ಒಂದೇ ಸಾಲಿನಲ್ಲಿ ಕೂತವರು ಅಂತ ಲೆಕ್ಕ.

ಈ ಸಾಲಿನಲ್ಲಿ ಮುಂದೆ ಬರುವುದಕ್ಕೆ ಇದ್ದ ದಾರಿ ಹೆರುವುದು. ಅದಕ್ಕೇ ಮಗು ಅನ್ನುವುದು ಅಲ್ಲಿ ಎಷ್ಟು ದೊಡ್ಡ ಮಾತು ಅಂತ ಹೆಸರುಗಳಲ್ಲೇ ಕೇಳಿಸುತ್ತದೆ. ಇಫೆಯಿನ್ವಾ, ಮಗುವಿಗೆ ಸಮನಾದದ್ದು ಇಲ್ಲ. ನ್ವಾಕಾಎಗೊ, ದುಡ್ಡಿಗಿಂತ ಮಗು ಹೆಚ್ಚು. ನ್ನೆಕಾ, ತಾಯಿಯೇ ದೊಡ್ಡವಳು. ಇವು ಹಾಡುವ ಹೆಸರುಗಳು. ಭಯದ ಹೆಸರುಗಳೂ ಇವೆ. ಒಬಿಯೆಚಿನಾ, ಚಾವಡಿಯ ಬಾಗಿಲು ಮುಚ್ಚದಿರಲಿ. ಅಹಾಮೆಫುಲಾ, ನನ್ನ ಹೆಸರು ಅಳಿಯದಿರಲಿ. ಇವು ಗಂಡುಮಗ ಹುಟ್ಟಿದಾಗ ಇಡುವ ಹೆಸರುಗಳು. ಮತ್ತೆ ನನಗೆ ಕೇಳಿದಾಗಲೆಲ್ಲ ಎದೆಗೆ ತಾಗುವ ಒಂದು ಹೆಸರಿದೆ, ನ್ವಾನ್ಯಿಬುಇಫೆ. ‘ಹೆಣ್ಣೂ ಒಂದು ಬೆಲೆಯುಳ್ಳದ್ದೇ’ ಅಂತ. ಹೆಣ್ಣುಮಗು ಹುಟ್ಟಿದಾಗ ಸುತ್ತಲಿನವರ ಮುಖ ನೋಡಿ ಒಬ್ಬ ಅಪ್ಪನೋ ಅಮ್ಮನೋ ಹಟದಿಂದ ಇಟ್ಟ ಹೆಸರು ಅದು.

ಮಾಮಾಗೆ ಮೊದಲು ಎರಡು ಹೆಣ್ಣು. ಮೂರನೆಯದು ಈ ಲಾಗೋಸ್ ಮಗ. ‘ಅವನು ಹುಟ್ಟೋವರೆಗೆ ನಾನು ಬೆಂಚಿನ ತುದಿಯಲ್ಲಿ ಕೂತಿದ್ದೆ. ಯಾರೂ ಏಳು ಅಂದಿರಲಿಲ್ಲ. ಆದ್ರೂ ತುದಿಯಲ್ಲೇ’ ಅಂದರು. ಅವರ ಅಕ್ಕನನ್ನು ಎಂಬೈಸೆ ಕಡೆಗೆ ಕೊಟ್ಟಿತ್ತಂತೆ. ಅಲ್ಲಿ ಹತ್ತು ಮಕ್ಕಳನ್ನು ಹೆತ್ತವಳಿಗೆ ಗಂಡ ಒಂದು ಮೇಕೆ ಕಡಿದು ಊರಿಗೆಲ್ಲ ಊಟ ಹಾಕಬೇಕು. ‘ಎವು ಉಕ್ವು’ ಅಂತ ಅದರ ಹೆಸರು, ಸೊಂಟದ ಮೇಕೆ. ಹತ್ತು ಸಲ ನೋವು ತಿಂದ ಸೊಂಟಕ್ಕೆ ಮರ್ಯಾದೆ. ಅಕ್ಕ ಹೊಸ ಬಟ್ಟೆ ಉಟ್ಟು ಕುಣಿದರಂತೆ. ಅದನ್ನು ಹೇಳುವಾಗ ಮಾಮಾ ಕೂತಲ್ಲೇ ಭುಜ ಕುಣಿಸಿದರು. ನಾನು ಮಾತ್ರ ಆ ಹತ್ತು ಹೆರಿಗೆಯ ಲೆಕ್ಕ ಹಾಕುತ್ತಾ ಕೂತಿದ್ದೆ. ನನ್ನದೇ ಹೊಲಿಗೆ ಇನ್ನೂ ಹಸಿ ಇತ್ತು.

ಹಾಗಾದರೆ ಒಂದೂ ಹೆರದವಳು? ಈ ಪ್ರಶ್ನೆ ಕೇಳಿದ ರಾತ್ರಿ ಕರೆಂಟ್ ಹೋಗಿತ್ತು. ಮಗಳಿಗೆ ಬೀಸಣಿಗೆಯಲ್ಲಿ ಗಾಳಿ ಹಾಕುತ್ತಾ ಮಾಮಾ ತನಗೆ ಇಬ್ಬರು ತಾಯಂದಿರು ಅಂದರು.

ಅವರು ಹುಟ್ಟಿದ್ದು ಒರ್ಲು ಕಡೆ. ಅವರ ಅಪ್ಪನ ಮೊದಲ ಹೆಂಡತಿಗೆ ಮಕ್ಕಳಾಗಲಿಲ್ಲ. ಆಕೆ ತಾಳೆ ಎಣ್ಣೆ ವ್ಯಾಪಾರದಲ್ಲಿ ಗಟ್ಟಿ ದುಡ್ಡು ಮಾಡಿದ್ದಳು. ಆ ದುಡ್ಡಿನಿಂದ ತಾನೇ ತೆರ ಕೊಟ್ಟು ಒಬ್ಬ ಹುಡುಗಿಯನ್ನು ಮದುವೆ ಮಾಡಿಕೊಂಡು ಬಂದಳು. ತೆರ ಕೊಟ್ಟವಳು ಹೆಂಗಸು, ಆದ್ದರಿಂದ ಆ ಹುಡುಗಿ ಹೆತ್ತ ಮಕ್ಕಳು ಆಕೆಯ ಹೆಸರಿಗೇ. ಇಗ್ಬೊ ಸಮಾಜದಲ್ಲಿ ಇದು ಗುಟ್ಟಿನ ವ್ಯವಹಾರವಲ್ಲ, ಎಲ್ಲರೂ ಒಪ್ಪಿದ ಮದುವೆ. ಮಕ್ಕಳಿಲ್ಲದವರು, ಗಂಡ ಸತ್ತವರು, ಕೈಯಲ್ಲಿ ದುಡ್ಡಿದ್ದ ಹೆಂಗಸರು ಹೀಗೆ ಹೆಂಡತಿಯನ್ನು ತರುತ್ತಿದ್ದರು. ಎನುಗು-ಎಜಿಕೆಯಲ್ಲಿ ಬ್ರಿಟಿಷರ ಕಾಲದಲ್ಲಿ ಅಹೆಬಿ ಉಗ್ಬಾಬೆ ಅನ್ನುವ ಹೆಂಗಸು ಊರಿನ ರಾಜನ ಪಟ್ಟಕ್ಕೇ ಏರಿದಳು. 1948ರಲ್ಲಿ ತೀರಿಕೊಂಡಳು. ಅವಳಿಗೂ ಹೀಗೆ ಹಲವು ಹೆಂಡತಿಯರಿದ್ದರು.

‘ಹೆತ್ತವಳು ಒಬ್ಬಳು. ನಾನು ಮಗಳಾಗಿದ್ದು ನ್ನೆ-ಉಕ್ವುಗೆ’ ಅಂದರು ಮಾಮಾ. ನ್ನೆ-ಉಕ್ವು ಅಂದರೆ ದೊಡ್ಡಮ್ಮ, ತೆರ ಕೊಟ್ಟ ಆ ಮೊದಲ ಹೆಂಡತಿ. ಬಿಯಾಫ್ರಾ ಯುದ್ಧ ಶುರುವಾದಾಗ ಮಾಮಾಗೆ ಹದಿನೈದು ವರ್ಷ. ಬಿಯಾಫ್ರಾ ಅನ್ನುವ ಬೇರೆ ದೇಶ ಮಾಡಿಕೊಳ್ಳುತ್ತೇವೆ ಅಂತ ಹೊರಟ ಇಗ್ಬೊ ನಾಡಿನ ಮೇಲೆ ನೈಜೀರಿಯಾ ಸರ್ಕಾರ 1967ರಿಂದ 1970ರ ಜನವರಿವರೆಗೆ ನಡೆಸಿದ ಯುದ್ಧ ಅದು. ಸುತ್ತ ದಿಗ್ಬಂಧನ, ಉಪ್ಪು ಸಿಗುತ್ತಿರಲಿಲ್ಲ. ಮಕ್ಕಳ ಹೊಟ್ಟೆ ಊದಿ, ಕೂದಲು ಕೆಂಪಾಗಿ ಸಾಯುತ್ತಿದ್ದ ಕಾಲ. ಗಂಡಸರು ಹೊರಗೆ ಕಾಣಿಸಿಕೊಂಡರೆ ಸೈನ್ಯಕ್ಕೆ ಎಳೆಯುತ್ತಿದ್ದರು, ಇಲ್ಲ ಕೊಲ್ಲುತ್ತಿದ್ದರು. ಹೆಂಗಸರೇ ಕಾಡು ದಾರಿಯಲ್ಲಿ ಶತ್ರು ಸೈನ್ಯದ ಕಡೆಗೆ ದಾಟಿ, ಅಲ್ಲಿನ ಸಂತೆಯಿಂದ ಉಪ್ಪು, ಒಣಮೀನು ತರುತ್ತಿದ್ದರು. ಅದಕ್ಕೆ ‘ಅಹಿಯಾ ಅಟ್ಯಾಕ್’ ಅನ್ನುತ್ತಿದ್ದರು. ಅಹಿಯಾ ಅಂದರೆ ಸಂತೆ. ನ್ನೆ-ಉಕ್ವು ನಾಲ್ಕು ಸಲ ದಾಟಿದಳಂತೆ. ಉಪ್ಪನ್ನು ಸೊಂಟದ ಬಟ್ಟೆಯ ಮಡಿಕೆಯಲ್ಲಿ ಹೊಲಿದು ತರುತ್ತಿದ್ದಳಂತೆ. ಬೆವರಿಗೆ ಉಪ್ಪು ಕರಗಿ ಸೊಂಟದ ಚರ್ಮ ಸುಲಿದು ಹೋಗುತ್ತಿತ್ತು. ‘ಹತ್ತು ಹೆತ್ತ ಸೊಂಟಕ್ಕೆ ಮೇಕೆ ಕಡೀತಾರೆ. ಆ ಸೊಂಟಕ್ಕೆ ಯಾರೂ ಏನೂ ಕಡೀಲಿಲ್ಲ’ ಅಂದು ಮಾಮಾ ಸುಮ್ಮನಾದರು. ಬೀಸಣಿಗೆ ಮಾತ್ರ ಆಡುತ್ತಿತ್ತು.

ಆದರೆ ಈ ಹೆಂಡತಿಯರು ಬರೀ ತಲೆತಗ್ಗಿಸಿ ಬದುಕಿದವರು ಅಂತ ಯಾರೂ ತಿಳಿಯಬಾರದು. ಅದು ದೊಡ್ಡ ತಪ್ಪು. ಊರಿನ ಹೆಂಡತಿಯರಿಗೆಲ್ಲ ಸೇರಿ ಅವರದೇ ಸಭೆ ಇತ್ತು. ಗಂಡ ಹೆಂಡತಿಯನ್ನು ಹೊಡೆದರೆ, ಯಾರದೋ ಹಸು ಹೆಂಗಸರ ಬೆಳೆ ಮೇಯ್ದರೆ, ಸಂತೆಯ ಕಟ್ಟಳೆ ಮುರಿದರೆ, ಎಲ್ಲರೂ ಒನಕೆ ಹಿಡಿದುಕೊಂಡು ರಾತ್ರಿ ಅವನ ಮನೆಗೆ ಹೋಗುತ್ತಿದ್ದರು. ಅಲ್ಲೇ ಕೂತು ಅವನ ಮಾನ ಹರಾಜಾಗುವ ಹಾಡು ಹಾಡುವುದು, ಕುಣಿಯುವುದು, ಒನಕೆಯಿಂದ ಗೋಡೆ ಕುಟ್ಟುವುದು. ಅವನು ತಪ್ಪೊಪ್ಪಿಕೊಳ್ಳುವವರೆಗೆ ಏಳುತ್ತಿರಲಿಲ್ಲ. ಇದಕ್ಕೆ ‘ಗಂಡಸಿನ ಮೇಲೆ ಕೂರುವುದು’ ಅಂತಲೇ ಹೆಸರು.

ಇದನ್ನೇ ಅವರು ಬ್ರಿಟಿಷ್ ಸರ್ಕಾರದ ಮೇಲೂ ಮಾಡಿದರು. 1929ರ ನವೆಂಬರ್. ಒಲೊಕೊ ಅನ್ನುವ ಹಳ್ಳಿಯಲ್ಲಿ ನ್ವಾನ್ಯೆರುವಾ ಅನ್ನುವ ವಿಧವೆ ತಾಳೆ ಎಣ್ಣೆ ತೆಗೆಯುತ್ತಿದ್ದಳು. ಸರ್ಕಾರ ನೇಮಿಸಿದ ಮುಖ್ಯಸ್ಥನ ಕಡೆಯವನೊಬ್ಬ ಬಂದು, ನಿನ್ನ ಮೇಕೆ ಕುರಿ ಜನ ಎಷ್ಟು, ಲೆಕ್ಕ ಕೊಡು ಅಂದ. ಹಿಂದಿನ ವರ್ಷ ಗಂಡಸರ ಮೇಲೆ ತೆರಿಗೆ ಹಾಕುವ ಮುಂಚೆಯೂ ಹೀಗೇ ಎಣಿಸಿದ್ದರು. ಈಗ ಹೆಂಗಸರ ಸರದಿ ಅಂತ ಅವಳಿಗೆ ಗೊತ್ತಾಯಿತು. ಅವಳು ತಿರುಗಿ ಕೇಳಿದ್ದು ಒಂದೇ ಮಾತು: ‘ನಿನ್ನ ತಾಯಿಯನ್ನು ಎಣಿಸಿದ್ದಾರಾ?’

ಎಂಥ ಮಾತು ನೋಡಿ. ತಾಯಿಯನ್ನು ತಲೆ ಎಣಿಸಿ ತೆರಿಗೆ ಹಾಕುವ ಬಾಬ್ತು ಮಾಡಿದ್ದೀರಾ ಅಂತ. ಆ ಒಂದು ಮಾತಿಂದ ಹತ್ತಿದ ಬೆಂಕಿ ಓವೆರಿ, ಕಲಬಾರ್ ಪ್ರಾಂತ್ಯಗಳಿಗೆಲ್ಲ ಹಬ್ಬಿತು. ಮುಖಕ್ಕೆ ಮಸಿ ಬಳಿದು, ತಲೆಗೆ ಜರಿಗಿಡದ ಎಲೆ ಸಿಕ್ಕಿಸಿ, ತಾಳೆಗರಿ ಸುತ್ತಿದ ಕೋಲು ಹಿಡಿದು ಸಾವಿರಾರು ಹೆಂಗಸರು ಬಂದರು. ಕಚೇರಿಗಳ ಮುಂದೆ ಕೂತರು, ಹಾಡಿದರು. ಸರ್ಕಾರ ಗುಂಡು ಹಾರಿಸಿತು. 50ಕ್ಕೂ ಹೆಚ್ಚು ಹೆಂಗಸರು ಸತ್ತರು. ಆದರೆ ಹೆಂಗಸರ ಮೇಲೆ ಆ ತೆರಿಗೆ ಬರಲಿಲ್ಲ. ಸರ್ಕಾರ ನೇಮಿಸಿದ ಆ ಮುಖ್ಯಸ್ಥರ ಪದ್ಧತಿಯೂ ಹೋಯಿತು. ಇಗ್ಬೊ ಭಾಷೆಯಲ್ಲಿ ಅದು ಇವತ್ತಿಗೂ ‘ಹೆಂಗಸರ ಯುದ್ಧ’.

ಇನ್ನೊಂದು ಬಲವೂ ಇದೆ, ‘ಉಮುಅಡಾ’. ಆ ಊರಲ್ಲಿ ಹುಟ್ಟಿ ಬೇರೆ ಕಡೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು. ಸಾವಾದರೆ ಇವರೆಲ್ಲ ಒಟ್ಟಾಗಿ ಬಂದು ಇಳಿಯುತ್ತಾರೆ. ಇವರಿಗೆ ಸರಿಯಾಗಿ ಊಟ ಹಾಕದೆ, ಇವರ ಮಾತು ಕೇಳದೆ ಸಂಸ್ಕಾರ ಮುಂದೆ ಹೋಗದು. ಅಣ್ಣತಮ್ಮಂದಿರ ಜಗಳ ಇವರು ಬಿಡಿಸುತ್ತಾರೆ. ಅಣ್ಣತಮ್ಮಂದಿರ ಹೆಂಡತಿಯರನ್ನು ವಿಚಾರಿಸುವವರೂ ಇವರೇ. ಅಂದರೆ ಮಾಮಾ ಒರ್ಲುವಿಗೆ ಹೋದರೆ ಮಗಳು, ನ್ಯಾಯ ಹೇಳುವವಳು. ಗಂಡನ ಊರಿಗೆ ಬಂದರೆ ಹೆಂಡತಿ, ನ್ಯಾಯ ಕೇಳುವವಳು. ಅದೇ ಹೆಂಗಸು, ಬಸ್ಸಿನಲ್ಲಿ ಅರ್ಧ ದಿನದ ದಾರಿ.

ಗಂಡ ಸತ್ತಾಗ ಈ ವ್ಯತ್ಯಾಸ ಇನ್ನೂ ಕಠಿಣವಾಗುತ್ತಿತ್ತು. ತಲೆ ಬೋಳಿಸಿ, ನೆಲದಲ್ಲಿ ಕೂರಿಸಿ, ವರ್ಷವಿಡೀ ಕಪ್ಪು ಬಟ್ಟೆ. ಕೆಲವು ಕಡೆ ಹೆಣ ತೊಳೆದ ನೀರು ಕುಡಿಸಿ ‘ನೀನು ಕೊಂದಿಲ್ಲ’ ಅಂತ ಪರೀಕ್ಷೆ ಮಾಡುತ್ತಿದ್ದದ್ದೂ ಉಂಟು. ಎನುಗು ರಾಜ್ಯ 2001ರಲ್ಲಿ ಇಂಥದ್ದಕ್ಕೆಲ್ಲ ಕಾನೂನಿನ ತಡೆ ಹಾಕಿತು. ಮಾಮಾರ ಗಂಡ, ಎನುಗುವಿನ ಕಲ್ಲಿದ್ದಲು ಗಣಿಯಲ್ಲಿ ದುಡಿದವರು, ತೀರಿಕೊಂಡಿದ್ದು 2009ರಲ್ಲಿ. ‘ಕಾನೂನು ಇತ್ತು. ಆದ್ರೂ ತಲೆ ಬೋಳಿಸಿದ್ರು’ ಅಂದರು, ತಲೆಯ ಮೇಲೆ ಕೈ ಆಡಿಸುತ್ತಾ. ಬೋಳಿಸಿದವರಲ್ಲಿ ಹೆಂಗಸರೇ ಇದ್ದರು. ಅದೇ ಅವರಿಗೆ ಹೆಚ್ಚು ನೋವು. 2014ರ ಏಪ್ರಿಲ್‌ನಲ್ಲಿ ನೈಜೀರಿಯಾದ ಸುಪ್ರೀಂ ಕೋರ್ಟ್ ಎರಡು ತೀರ್ಪು ಕೊಟ್ಟಿತು. ಅಪ್ಪನ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲಿಲ್ಲ ಅನ್ನುವ ಇಗ್ಬೊ ರೂಢಿ ಸಂವಿಧಾನಕ್ಕೆ ವಿರುದ್ಧ ಅಂತ ಒಂದು. ಗಂಡುಮಗ ಇಲ್ಲದ ವಿಧವೆಯನ್ನು ಗಂಡನ ಮನೆಯಿಂದ ಹೊರಗೆ ಹಾಕುವಂತಿಲ್ಲ ಅಂತ ಇನ್ನೊಂದು. ಮಾಮಾರ ಮಗಳು ಈ ತೀರ್ಪಿನ ಸುದ್ದಿಯ ಪೇಪರ್ ಕಟಿಂಗ್ ಅನ್ನು ಬೈಬಲ್‌ನೊಳಗೆ ಇಟ್ಟುಕೊಂಡಿದ್ದಾಳೆ. ನನಗೆ ತೋರಿಸಿದ್ದಳು.

ನನಗೆ ಇದೆಲ್ಲ ಕೇಳುವಾಗ ನಮ್ಮ ಕಡೆಯ ಅಳಿಯಕಟ್ಟು ನೆನಪಾಗುತ್ತಿತ್ತು. ನಮ್ಮಲ್ಲಿ ಕುಟುಂಬ ಹರಿದದ್ದು ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ. ಹಾಗಂತ ಹೇಳಿದೆ. ಮಾಮಾ ಒಂದು ಚೂರೂ ಬೆರಗಾಗಲಿಲ್ಲ. ‘ಓಹಾಫಿಯಾದವರ ಥರ’ ಅಂದರು. ಇಗ್ಬೊ ನಾಡಿನಲ್ಲೇ ಓಹಾಫಿಯಾ, ಅಫಿಕ್ಪೊ ಕಡೆ ತಾಯಿಯ ಕಡೆಯಿಂದ ಕುಲ ಹಿಡಿಯುತ್ತಾರೆ, ಭೂಮಿಯೂ ಆ ದಾರಿಯಲ್ಲಿ ಬರುತ್ತದೆ. ‘ಅಲ್ಲಿ ಕೊಟ್ಟಿದ್ರೆ ಚೆನ್ನಾಗಿತ್ತು ನನ್ನ’ ಅಂದು ನಕ್ಕರು.

ಹನ್ನೆರಡನೇ ದಿನ ಮಾಮಾರ ಓರಗಿತ್ತಿಯರು ನಾಲ್ಕು ಜನ ಮಗು ನೋಡಲು ಬಂದರು. ಬಂದವರು ಕುತ್ತಿಗೆಗೆ ಬಿಳಿ ಪೌಡರ್ ಹಚ್ಚಿಕೊಂಡರು, ಹುಟ್ಟಿನ ಸಂತೋಷಕ್ಕೆ ಹಾಗೆ ಮಾಡುತ್ತಾರೆ. ತಟ್ಟೆಯಲ್ಲಿ ಕೋಲಾ ಕಾಯಿ ಇಟ್ಟೆವು. ಕೋಲಾ ಒಡೆಯದೆ ಯಾವ ಶುಭವೂ ಶುರುವಾಗದು, ಆದರೆ ಹೆಂಗಸರು ಒಡೆಯುವಂತಿಲ್ಲ. ನನ್ನ ಗಂಡ ಕೆಲಸಕ್ಕೆ ಹೋಗಿದ್ದರು. ಕೋಣೆಯಲ್ಲಿದ್ದ ಗಂಡು ಅಂದರೆ ಒಬ್ಬರ ಮೊಮ್ಮಗ, ಏಳು ವರ್ಷದವನು. ಮೊಬೈಲ್ ಆಡುತ್ತಿದ್ದ. ಅವನ ಕೈಗೆ ಕಾಯಿ ಕೊಟ್ಟರು. ಅವನಿಗೆ ಒಡೆಯಲು ಬರುತ್ತಿಲ್ಲ. ಅರವತ್ತು ಎಪ್ಪತ್ತು ದಾಟಿದ ಐದು ಹೆಂಗಸರು, ಎಲ್ಲರೂ ಸೇರಿ ಎಷ್ಟೋ ಮಕ್ಕಳನ್ನು ಹೆತ್ತವರು, ಅವನ ಪುಟ್ಟ ಉಗುರುಗಳನ್ನೇ ನೋಡುತ್ತಾ ಕಾದರು. ನನಗೆ ತಡೆಯಲಾಗಲಿಲ್ಲ, ಒಳಗೆ ಎದ್ದು ಹೋದೆ.

ಅವತ್ತೇ ಮಾಮಾ ಮಗಳಿಗೆ ನ್ನೆನ್ನೆ ಅಂತ ಹೆಸರಿಟ್ಟರು. ತಾಯಿಯ ತಾಯಿ ಅಂತ ಅರ್ಥ. ಬರಲಾಗದ ನನ್ನ ಅಮ್ಮನ ಹೆಸರಿನಲ್ಲಿ.

ಒಮುಗ್ವೊ ಮುಗಿಸಿ ಹೊರಡುವ ತಾಯಿಯನ್ನು ಬರಿಗೈಲಿ ಕಳಿಸುವಂತಿಲ್ಲ. ನನ್ನ ಗಂಡ ಒಗ್ಬೆಟೆ ಮಾರ್ಕೆಟ್‌ನಿಂದ ಎರಡು ಜೊತೆ ರ‍್ಯಾಪರ್ ಅನ್ನುವ ಸೊಂಟಕ್ಕೆ ಸುತ್ತುವ ಬಟ್ಟೆ, ಸೋಪು, ಒಣಮೀನು, ಒಂದು ಚೀಲ ಉಪ್ಪು ತಂದರು. ಉಪ್ಪು ಕೊಡಲೇಬೇಕು ಅಂತ ಮಾರ್ಕೆಟ್‌ನವರೇ ಹೇಳಿದ್ದರಂತೆ. ಅಜ್ಜಿಯಾದವಳು ಊರಿಗೆ ಹೋಗಿ ಅದನ್ನು ಹೆಂಗಸರಿಗೆಲ್ಲ ಹಂಚುತ್ತಾಳೆ, ನನ್ನ ಮಗಳು ಹೆತ್ತಳು ಅಂತ. ಮಾಮಾ ರ‍್ಯಾಪರ್ ಮುಟ್ಟಿಯೂ ನೋಡಲಿಲ್ಲ. ಉಪ್ಪಿನ ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ತೆಗೆದು, ಅಂಗೈಯಲ್ಲಿ ಇಟ್ಟುಕೊಂಡು ತುಂಬ ಹೊತ್ತು ನಿಂತರು.

ಜುಲೈ ಕೊನೆಗೆ ಉಡಿ ಕಡೆಯ ಅವರ ಊರಿಗೆ ಹೋದೆವು. ಎನುಗುವಿನಿಂದ ಮಿಲಿಕೆನ್ ಗುಡ್ಡದ ತಿರುವುಗಳನ್ನು ಹತ್ತಿ, ನೈನ್ತ್ ಮೈಲ್‌ನಲ್ಲಿ ಬಿಸಿ ಬಿಸಿ ಒಕ್ಪಾ ಅನ್ನುವ ಕಾಳಿನ ಕಡುಬು ಕಟ್ಟಿಸಿಕೊಂಡು, ಕೆಂಪು ಮಣ್ಣಿನ ರಸ್ತೆಗೆ ಇಳಿದರೆ ಅವರ ಹಿತ್ತಿಲು. ಮಣ್ಣು ನಮ್ಮೂರಿನ ಮಣ್ಣಿನ ಹಾಗೇ ಕೆಂಪು. ಮಾಮಾರ ಭಾವ, ಎಂಬತ್ತರ ಮುದುಕ, ಕೋಲಾ ಒಡೆದು ಪೂರ್ವಜರಿಗೆ ಹೇಳಿದರು. ಮಾಮಾ ಸ್ವಲ್ಪ ದೂರದಲ್ಲಿ ನಿಂತಿದ್ದರು. ಆಮೇಲೆ ಗಿಡ್ಡ ಹಿಡಿಯ ಗುದ್ದಲಿ ತೆಗೆದುಕೊಂಡು ತಾವೇ ಅಗೆದರು. ಹಾಲಿನ ಪುಡಿ ಡಬ್ಬದಿಂದ ಹತ್ತಿಯ ಉಂಡೆ ತೆಗೆದು ಒಳಗಿಟ್ಟು, ಮೇಲೆ ಒಂದು ತೆಂಗಿನ ಸಸಿ ನೆಟ್ಟರು. ತಾಳೆ ಬೇಡ, ನಿಮ್ಮ ಕಡೆ ತೆಂಗು ಅಲ್ವಾ ಅಂತ ಮೊದಲೇ ಕೇಳಿ ಇಟ್ಟುಕೊಂಡಿದ್ದರು.

ಬುಡಕ್ಕೆ ಮಣ್ಣು ಎಳೆದು ಅಂಗಾಲಿನಿಂದ ಮೆಟ್ಟುತ್ತಾ ಮಗಳ ಕಡೆ ನೋಡಿ ಅಂದರು, ‘ನ್ನೆನ್ನೆ, ಇನ್ನು ನೀನು ಈ ಹಿತ್ತಿಲಿನ ಮಗಳು.’ ಭಾವನ ಕಡೆ ಒಮ್ಮೆ ತಿರುಗಿ, ಧ್ವನಿ ತಗ್ಗಿಸಿ ನನಗೆ ಮಾತ್ರ ಕೇಳುವ ಹಾಗೆ ಸೇರಿಸಿದರು, ‘ನಾನು ಹೆಂಡತಿಯೇ.’

ಗುದ್ದಲಿಯ ಮಣ್ಣು ಕೊಡವಿ ಗೋಡೆಗೆ ಒರಗಿಸಿಟ್ಟು, ಉಪ್ಪು ಹಂಚಲು ಓರಗಿತ್ತಿಯರ ಮನೆಯ ಕಡೆ ಹೊರಟರು.